ಅರ್ಧಕ್ಕೆ ನಿಂತ ಮೆಟಡೋರ್ ಮಾರುವ ಮುನ್ನ

ಮುತ್ತತ್ತಿಯ ಓದುಗರೇ, ಮೆಟಡೋರ್ ಪಿಕಪ್‌ನ ಚಾಸಿ ಕುಯ್ಯಿಸಿ ಗಿಡ್ಡ ಮಾಡಿ, ಜೀಪಿನ ಡೀಸೆಲ್ ಎಂಜಿನ್ ಕೂರಿಸಿದ್ದೀರಿ. ಇಷ್ಟು ವರ್ಷ ಮೈಮುರಿದು ದುಡಿದ ಗಾಡಿ ಕೈಬಿಡುವ ಸಂಕಟ ನನಗೆ ಗೊತ್ತು. ಆದರೂ ವಿಂಟೇಜ್ ಎಂದು ಬೆಲೆ ಹೇಳಬೇಡಿ. 2021ರ ಕೇಂದ್ರ ನಿಯಮದಂತೆ ಅದಕ್ಕೆ 50 ವರ್ಷ ದಾಟಿದ್ದರೆ ಸಾಲದು, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು.

ಮೊದಲು ಆರ್‌ಸಿ ಹಿಡಿದು ಗಾಡಿಯ ಪಕ್ಕ ಕೂರಿ. ಚಾಸಿ ನಂಬರಿನ ಮೇಲಿನ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಂದೊಂದೇ ಅಂಕಿ ತಾಳೆ ನೋಡಿ. ಉಜ್ಜುಕಾಗದ ಮುಟ್ಟಿಸಲೇಬೇಡಿ, ಅಂಕಿ ಸವೆದರೆ ಕೊಳ್ಳುವವರು ಅಲ್ಲಿಂದಲೇ ವಾಪಸ್. ಎಂಜಿನ್ ನಂಬರ್ ಹೊಂದುವುದಿಲ್ಲ. ಇಂಥ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಮೊದಲ ಮಾತಿನಲ್ಲೇ ಅದನ್ನು ಹೇಳಿ, ಎಂಜಿನ್ ಕೊಂಡ ರಸೀದಿ ತೋರಿಸಿ.

ಬಿಚ್ಚಿಟ್ಟ ಸಾಮಾನಿಗೆ ಚೀಟಿ ಕಟ್ಟಿಡಿ. ಹೊಳೆ ದಡದ ತೇವಕ್ಕೆ ತುಕ್ಕು ಬೇಗ ಹತ್ತುತ್ತದೆ, ಎಣ್ಣೆ ಸವರಿ.

ಖಾಲಿ ಫಾರಂಗೆ ಮಾತ್ರ ಸಹಿ ಹಾಕಿ ಕೊಡಬೇಡಿ, ಇದು ನನ್ನ ಕಳಕಳಿಯ ಕೋರಿಕೆ. ಆರ್‌ಸಿಯಲ್ಲಿ ಹೆಸರಿದ್ದವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಫಾರಂ 29, 30 ಪೂರ್ತಿ ತುಂಬಿಸಿ, ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ, ನಕಲು ನಿಮ್ಮ ಬಳಿಯೇ ಇಟ್ಟುಕೊಳ್ಳಿ.