ಕಾಂಡ್ಲಾ ನೆಡಲು ಹೊರಟವರಿಗೆ

ಮಕ್ಕಳೇ, ಈ ಮಳೆಗಾಲ ಅಘನಾಶಿನಿ ಅಳಿವೆಯಲ್ಲಿ ಸಾವಿರಾರು ಕಾಂಡ್ಲಾ ಗಿಡ ನೆಡುತ್ತೇವೆ ಎಂದು ನೀವು ಬಂದು ಹೇಳಿದಾಗ ನನ್ನ ಜೀವ ತಂಪಾಯಿತು. ಊರಿನ ಹೊಳೆಯ ಮೇಲೆ ನಿಮಗಿರುವ ಈ ಅಕ್ಕರೆ ಹೀಗೇ ಇರಲಿ. ಹೊಳೆಗೆ ಇಳಿಯುವ ಮೊದಲು ಮಾತ್ರ ನನ್ನ ನಾಲ್ಕು ಮಾತು ಕಿವಿಗೆ ಹಾಕಿಕೊಳ್ಳಿ.

ಎಷ್ಟು ನೆಟ್ಟೆವು ಎಂಬ ಲೆಕ್ಕದ ಹಿಂದೆ ಬೀಳಬೇಡಿ. ಫಿಲಿಪೀನ್ಸ್‌ನಲ್ಲಿ ದಶಕಗಳ ಕಾಲ ಅಪಾರ ಹಣ ಸುರಿದು ಕಾಂಡ್ಲಾ ನೆಟ್ಟರು. 2008ರಲ್ಲಿ ಅಲ್ಲಿನ ವಿಜ್ಞಾನಿಗಳು ಅದನ್ನೆಲ್ಲ ಪರಿಶೀಲಿಸಿದಾಗ, ಬಹುಕಾಲ ಬದುಕಿ ಉಳಿದದ್ದು ನೂರಕ್ಕೆ ಹತ್ತಿಪ್ಪತ್ತು ಗಿಡ ಮಾತ್ರ ಎಂದು ಗೊತ್ತಾಯಿತು. ದುಡ್ಡಿಗಾಗಲಿ ಆಳುಗಳಿಗಾಗಲಿ ಕೊರತೆ ಇರಲಿಲ್ಲ. ಜಾಗ ತಪ್ಪಿತ್ತು. ಕಾಂಡ್ಲಾಕ್ಕೆ ಹೇಳಿಮಾಡಿಸಿದ ದಡದ ನೆಲವೆಲ್ಲ ಮೀನು ಸಾಕುವ ಕೊಳಗಳಾಗಿತ್ತು. ಯಾರೂ ತಕರಾರು ಮಾಡದ ತಗ್ಗಿನ ಕೆಸರಿನಲ್ಲಿ ನೆಟ್ಟರು, ಸಸಿಗಳು ನೀರು ಕುಡಿದು ಸತ್ತವು. ತಕರಾರಿಲ್ಲದ ಜಾಗ ಸಿಕ್ಕಿತೆಂದು ನೀವೂ ಹಿಗ್ಗಬೇಡಿ.

ಹಾಗಾದರೆ ಎಲ್ಲಿ ನೆಡುವುದು? ಭರತ ಬಂದಾಗ ನೀರು ಎಲ್ಲಿಯವರೆಗೆ ಏರುತ್ತದೆ, ಇಳಿತದಲ್ಲಿ ಯಾವ ನೆಲ ಎಷ್ಟು ಹೊತ್ತು ಬಯಲಾಗಿರುತ್ತದೆ ಎಂದು ಮೊದಲು ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತವನ್ನೂ ಅಷ್ಟಮಿಯ ಸಣ್ಣ ಭರತವನ್ನೂ ನೋಡಿ. ಕಾಂಡ್ಲಾ ಉಪ್ಪುನೀರನ್ನು ತಾಳುತ್ತದೆ, ದಿನವಿಡೀ ಮುಳುಗಿರಲು ಮಾತ್ರ ಅದಕ್ಕೆ ಆಗದು. ಕಾಂಡ್ಲಾದ ಒಂದು ಜಾತಿಯಾದ ಉಪ್ಪಟ್ಟಿ ಗಿಡದ ಬುಡದ ಸುತ್ತ ಕೆಸರಿನಿಂದ ಪೆನ್ಸಿಲ್‌ನಂತೆ ಮೇಲೆದ್ದು ನಿಂತಿರುವ ಬೇರುಗಳನ್ನು ನೀವು ಕಂಡಿದ್ದೀರಿ. ಅವು ಗಿಡದ ಉಸಿರಾಟದ ಬೇರುಗಳು. ಅವನ್ನು ಹೂಳು ಮುಚ್ಚಿದರೆ, ನೀರು ಹೊರಗೆ ಹೋಗದೆ ನಿಂತರೆ, ಬೆಳೆದ ಮರವೂ ಸಾಯುತ್ತದೆ. ಕೆಲವು ಕಡೆ ಒಂದೇ ಒಂದು ಗಿಡ ನೆಡುವ ಅಗತ್ಯವೂ ಇಲ್ಲ. ಕಟ್ಟೆ ಹಾಕಿ ತಡೆದ ನೀರಿಗೆ ದಾರಿ ಬಿಡಿಸಿಕೊಟ್ಟರೆ ಸಾಕು, ಹತ್ತಿರದ ಮರಗಳ ಬೀಜ ಭರತದ ಜೊತೆ ತೇಲಿ ಬಂದು ತಾನಾಗಿ ಬೇರೂರುತ್ತದೆ. ಆದರೆ ಕಟ್ಟೆಯೊಳಗಿನ ಆ ಗಜನಿ ಗದ್ದೆ ಯಾರದು, ಅದರಲ್ಲಿ ಈಗಲೂ ಯಾರಾದರೂ ಕಗ್ಗ ಭತ್ತ ಬಿತ್ತುತ್ತಾರೋ ಎಂದು ಕೇಳದೆ ಕಟ್ಟೆಗೆ ಕೈ ಹಾಕಬಾರದು. ಉಪ್ಪುನೀರಿಗೆ ಜಗ್ಗದ ಆ ಭತ್ತವೂ ಉಳಿಯಬೇಕಾದದ್ದೇ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಇಳಿತದಲ್ಲಿ ಕಾಣುವ ಕೆಸರು ದಿಬ್ಬವನ್ನು ಪಾಳುನೆಲ ಎಂದುಕೊಳ್ಳಬೇಡಿ. ಅದರೊಳಗೆ ಬಳಚು ಎಂಬ ಚಿಪ್ಪುಜೀವಿ ಇದೆ. ಅದನ್ನು ಹೆಕ್ಕಿ ಮಾರಿ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. 2024ರಲ್ಲಿ ಈ ಅಳಿವೆಗೆ ಜಗತ್ತಿನ ಮಹತ್ವದ ಜೌಗು ನೆಲಗಳಿಗೆ ಸಿಗುವ ರಾಮ್ಸಾರ್ ಪಟ್ಟ ಬಂದಾಗ ಊರೆಲ್ಲ ಸಂಭ್ರಮಿಸಿದೆವಲ್ಲ, ಆ ಪಟ್ಟಕ್ಕೆ ಈ ಕೆಸರಿನ ಬಯಲೂ ಕಾರಣ. ಪಕ್ಕದ ಶರಾವತಿಯಲ್ಲಿ ಅಣೆಕಟ್ಟೆಯಿಂದ ವರ್ಷವಿಡೀ ಸಿಹಿನೀರು ಹರಿದು ಬಂದು ಅಳಿವೆಯ ಉಪ್ಪು ಕುಗ್ಗಿತು, ಬಳಚೂ ಹೋಯಿತು. ನಮ್ಮ ಹೊಳೆಗೆ ಅಣೆಕಟ್ಟೆ ಇಲ್ಲದ್ದು ದೊಡ್ಡ ಪುಣ್ಯ. ಗಿಡ ನೆಡುವ ಹುರುಪಿನಲ್ಲಿ ಬಳಚಿನ ನೆಲ ತುಂಬಿಸಿದರೆ ಅದೂ ಒಂದು ಅನ್ಯಾಯವೇ.

ಬೀಜದ ವಿಷಯ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬಾಳಿನ ಬಹುಭಾಗ ಕಳೆದವರು. ಕಾಡಿನಲ್ಲಿ ಯಾವುದು ತಾಯಿಮರ, ಅದರ ಬೀಜವನ್ನು ಯಾವಾಗ ಆರಿಸಬೇಕು ಎಂದು ಅವರಿಗೆ ತಿಳಿದಿತ್ತು. ಪದ್ಮಶ್ರೀ ಅವರ ಮನೆ ಬಾಗಿಲಿಗೆ ಬಂದದ್ದು ಆ ತಿಳಿವಳಿಕೆಗೆ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನೀವೂ ಅಂಥ ಕಣ್ಣು ಬೆಳೆಸಿಕೊಳ್ಳಿ. ಕಾಂಡ್ಲಾದ ಕೆಲವು ಜಾತಿಗಳ ಬೀಜ ಮರದಲ್ಲಿರುವಾಗಲೇ ಮೊಳೆತು ಉದ್ದನೆಯ ಹಸಿರು ಕೋಲಾಗಿ ಜೋಲುತ್ತದೆ. ಬಲಿತದ್ದನ್ನು ಮೆಲ್ಲಗೆ ತಿರುಗಿಸಿದರೆ ಕೈಗೆ ಬರುತ್ತದೆ. ಜಗ್ಗಿ ಕೀಳಬೇಕಾಗಿ ಬಂದರೆ ಅದು ಇನ್ನೂ ಎಳೆಯದು, ಬಿಟ್ಟುಬಿಡಿ. ಚೂಪು ತುದಿ ಕೆಳಗೆ ಮಾಡಿ, ಬೀಳದಂತೆ ನಿಲ್ಲುವಷ್ಟು ಮಾತ್ರ ಊರಿ. ಎಲ್ಲ ಕಡೆ ಈ ಕೋಲುಬೀಜದ ಜಾತಿಯನ್ನೇ ನೆಡಬೇಡಿ. ಆ ಜಾಗದಲ್ಲಿ ಮೊದಲು ಏನಿತ್ತೋ ಅದು ಬರಲಿ, ಉಪ್ಪಟ್ಟಿ ಇದ್ದಲ್ಲಿ ಉಪ್ಪಟ್ಟಿಯೇ ಬರಲಿ.

ಫೋಟೊ ತೆಗೆಸಿಕೊಂಡು ಮನೆಗೆ ಬಂದ ಮೇಲೆ ಕೆಲಸ ಮುಗಿಯುವುದಿಲ್ಲ. ದನ ಬಂದು ಉಪ್ಪಟ್ಟಿಯ ಚಿಗುರು ಮೇಯುತ್ತದೆ. ಹೊಳೆಯಲ್ಲಿ ತೇಲಿ ಬಂದ ಪ್ಲಾಸ್ಟಿಕ್ಕು, ಹರಿದ ಬಲೆ ಸಸಿಗೆ ಸುತ್ತಿಕೊಂಡು ಬಗ್ಗಿಸುತ್ತವೆ. ಕಾಂಡಕ್ಕೆ ಸಣ್ಣ ಚಿಪ್ಪುಹುಳಗಳು ಹತ್ತಿದರೆ ಸಸಿ ಭಾರಕ್ಕೆ ಮುರಿಯುತ್ತದೆ. ತಿಂಗಳಿಗೊಮ್ಮೆ ಯಾರು ಬಂದು ನೋಡುತ್ತಾರೆ ಎಂದು ಹೆಸರು ಹಿಡಿದು ಈಗಲೇ ಗೊತ್ತುಮಾಡಿ. ಮೂರು ವರ್ಷ ನೋಡಿಕೊಳ್ಳಲು ಆಗುವಷ್ಟೇ ಗಿಡ ನೆಡಿ, ಅದು ಇನ್ನೂರೇ ಆದರೂ ಚಿಂತೆಯಿಲ್ಲ. ಒಡಿಶಾದಲ್ಲಿ 1999ರ ಚಂಡಮಾರುತ ಬಡಿದಾಗ, ಸಮುದ್ರಕ್ಕೂ ತಮಗೂ ನಡುವೆ ಅಗಲವಾದ ಕಾಂಡ್ಲಾ ಕಾಡಿದ್ದ ಹಳ್ಳಿಗಳಲ್ಲಿ ಸಾವು ಕಡಿಮೆಯಿತ್ತು. ಹಾಗೆ ಅಡ್ಡ ನಿಂತದ್ದು ಬೇರೂರಿ ಬಲಿತ ಕಾಡು, ಲೆಕ್ಕಕ್ಕೆ ನೆಟ್ಟ ಸಸಿಗಳಲ್ಲ.

ಪಂಚಾಯತಿ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆಯಿರಿ, ಅದು ಬೇಕೇ ಬೇಕು. ಅದಕ್ಕೂ ಮೊದಲು, ಬರುವ ಅಮಾವಾಸ್ಯೆಯ ಇಳಿತಕ್ಕೆ ಬಳಚು ಹೆಕ್ಕುವ ಅಮ್ಮಂದಿರ ಜೊತೆ ಹೊಳೆಗೆ ಇಳಿಯಿರಿ. ಎಲ್ಲಿ ನೆಡಬಾರದು ಎಂದು ಅವರು ತೋರಿಸುತ್ತಾರೆ. ಅಲ್ಲೆಲ್ಲ ಗೂಟ ಹೊಡೆದು ಗುರುತು ಮಾಡಿಕೊಂಡು ಬನ್ನಿ, ಉಳಿದ ಜಾಗದ ಮಾತನ್ನು ಆಮೇಲೆ ಕುಳಿತು ಆಡೋಣ.