ಮುಚ್ಚಿಗೆ ಕೆಳಗೆ ಯಾರಿದ್ದಾರೆ? ಔಷಧಿ ಹಾಕೋ ಮುಂಚೆ ನೋಡಿ

ಎರಡು ಹದ ಮಳೆ ಬಿತ್ತು ಅಂದ್ರೆ ನನ್ನ ವಾಟ್ಸಾಪ್‌ಗೆ ಒಂದೇ ಥರದ ಫೋಟೊ ಬರ್ತವೆ. ಕೊರಟಗೆರೆಯಿಂದ ಅಡಿಕೆ ಬುಡ, ಮಧುಗಿರಿಯಿಂದ ದಾಳಿಂಬೆ ಬುಡ, ಅಲ್ಲಿ ಸುರುಳಿ ಸುತ್ತಿಕೊಂಡ ಸಾವಿರ ಕಾಲಿನ ಹುಳಗಳು. ಜೊತೆಗೆ ಪ್ರಶ್ನೆ: "ಅಕ್ಕ, ಹರಳು ಔಷಧಿ ಹಾಕ್ಬಿಡ್ಲಾ?"

ಹಾಕಬೇಡಿ. ಈ ಹುಳದ ಮೈ ನೀರನ್ನು ಹಿಡಿದಿಟ್ಟುಕೊಳ್ಳಲ್ಲ, ಬಿಸಿಲಿಗೆ ಬಂದ್ರೆ ಒಣಗಿ ಸಾಯುತ್ತೆ. ಅದಕ್ಕೇ ಕತ್ತಲೆ, ತೇವ ಹುಡುಕಿ ಮುಚ್ಚಿಗೆ ಕೆಳಗೆ ಸೇರೋದು. ತಿನ್ನೋದು ಕೊಳೆತ ಎಲೆ, ಗರಿ. ಅದು ಪುಡಿ ಮಾಡಿ ಹಾಕಿದ ಹಿಕ್ಕೆಯನ್ನೇ ಸೂಕ್ಷ್ಮಜೀವಿಗಳು ಗೊಬ್ಬರ ಮಾಡೋದು. ಎಳೆ ಸಸಿ ಅಥವಾ ಮೊಳಕೆ ಹತ್ತಿರ ಗುಂಪಾಗಿದ್ರೆ ಮಾತ್ರ ಕೆಲವು ಸಲ ಕಡಿಯುತ್ತವೆ; ಅಲ್ಲಿ ಮುಚ್ಚಿಗೆಯನ್ನು ಬುಡದಿಂದ ನಾಲ್ಕು ಬೆರಳು ಆಚೆ ಸರಿಸಿದ್ರೆ ಸಾಕು.

ಶಿರಾ, ಪಾವಗಡದ ಕಡೆ ಒಂದು ಮಳೆಗೂ ಇನ್ನೊಂದು ಮಳೆಗೂ ಮಧ್ಯೆ ವಾರಗಟ್ಟಲೆ ಒಣ ದಿನ. ಬಯಲಲ್ಲಿ ಮೇಲ್ಮಣ್ಣು ಬೇಗ ಆರಿಹೋಗುತ್ತೆ, ಕಡಲೆಕಾಯಿ ಹೊಟ್ಟು ಹಾಸಿದ ಕಡೆ ಇನ್ನೂ ತಣ್ಣಗಿರುತ್ತೆ. ಎರೆಹುಳ ಉಸಿರಾಡೋದೇ ಒದ್ದೆ ಚರ್ಮದ ಮೂಲಕ. ನಮ್ಮ ಮಣ್ಣಿನ ಎರೆಹುಳಗಳು ಬೇಸಿಗೆಯಲ್ಲಿ ಆಳಕ್ಕಿಳಿದು, ಉಂಡೆ ಸುತ್ತಿಕೊಂಡು ಮಳೆಗೆ ಕಾಯುತ್ತವೆ. ತೊಟ್ಟಿಯಲ್ಲಿ ಸಾಕೋ ಐಸೀನಿಯಾ, ಯೂಡ್ರಿಲಸ್ ಜಾತಿಗಳು ಸಗಣಿ, ಕಸದ ರಾಶಿಯಲ್ಲಿ ಬದುಕೋವು. ಅವನ್ನು ಕೊಂಡು ತಂದು ಒಣ ಹೊಲಕ್ಕೆ ಸುರಿಯೋದು ದುಡ್ಡು ದಂಡ. ಮುಚ್ಚಿಗೆ ಹಾಕಿ, ನಮ್ಮವು ತಾವೇ ಮೇಲೆ ಬರ್ತವೆ.

ಜರಿ ಬೇರೆ ಪ್ರಾಣಿ. ಚಪ್ಪಟೆ ಮೈ, ಒಂದೊಂದು ಗೆಣ್ಣಿಗೆ ಒಂದೇ ಜೊತೆ ಕಾಲು (ಸಾವಿರ ಕಾಲಿನದಕ್ಕೆ ಎರಡು ಜೊತೆ), ಓಟ ಜೋರು. ಹುಳ ಹಿಡಿದು ತಿನ್ನುತ್ತೆ, ನಮ್ಮನ್ನೂ ಕಚ್ಚುತ್ತೆ. ಚೇಳೂ ಅಲ್ಲೇ ಇರಬಹುದು. ಮುಚ್ಚಿಗೆ ಎತ್ತೋಕೆ ಕೋಲು ಬಳಸಿ, ಬರಿಗೈ ಹಾಕಬೇಡಿ.

ನಿಜವಾದ ಕಳ್ಳ ಆಫ್ರಿಕನ್ ಬಸವನಹುಳು. ಹಗಲು ತೇವದಲ್ಲಿ ಅಡಗಿ, ರಾತ್ರಿ ಎಲೆ, ಚಿಗುರು, ಹಣ್ಣು ತಿನ್ನುತ್ತೆ. ಇದಕ್ಕೆ ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆ ಇಡಿ. ಬೆಳಿಗ್ಗೆ ಬಿಸಿಲೇರೋ ಮುಂಚೆ ಕೈಗವಸು ಹಾಕಿಕೊಂಡು ಆರಿಸಿ, ಉಪ್ಪುನೀರಿನ ಬಕೆಟ್‌ಗೆ ಹಾಕಿ. ಆ ಉಪ್ಪುನೀರನ್ನು ಮಾತ್ರ ಗಿಡದ ಬುಡಕ್ಕೆ ಚೆಲ್ಲಬೇಡಿ.

ಇನ್ನು ಹರಳು ಔಷಧಿ. ಫೋರೇಟ್ 2020ರ ಕೊನೆಗೇ ದೇಶದಲ್ಲಿ ನಿಷೇಧವಾಗಿದೆ. ಹಳೇ ಪಾಕೀಟು ಮನೇಲಿದ್ರೂ ಬಳಸಬೇಡಿ, ಅದು ಎರೆಹುಳವನ್ನೂ ಕೊಲ್ಲುತ್ತೆ. ಮುಂದಿನ ಸಲ ಫೋಟೊ ಕಳಿಸೋವಾಗ ಹುಳದ್ದೊಂದೇ ಬೇಡ. ಎಲೆ, ಕಾಂಡ, ಬೇರಲ್ಲಿ ಕಡಿದ ಗುರುತಿದ್ರೆ ಅದರದ್ದೂ ಹತ್ತಿರದಿಂದ ತೆಗೆದು ಕಳಿಸಿ.