ಸ್ಫೋಟವನ್ನು ತಾಳುವ ಕಟ್ಟಡ

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಸಮೀಪದ ಹುಣಸೋಡಿನ ಕಲ್ಲುಗಣಿ ಪ್ರದೇಶದಲ್ಲಿ ಲಾರಿಯೊಂದರಲ್ಲಿದ್ದ ಸ್ಫೋಟಕಗಳು ಸಿಡಿದಾಗ, ದೂರದ ಊರುಗಳವರೂ ಭೂಕಂಪವೆಂದೇ ಭಾವಿಸಿ ಮನೆಗಳಿಂದ ಹೊರಗೆ ಬಂದರು. ಮುಂದಿನ ತಿಂಗಳ 23ರಂದು, ನಮ್ಮ ಗಡಿಗೆ ಹೊಂದಿದ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಮಡಿದರು. ಗುಡಿಬಂಡೆ, ಮಡಕಶಿರ, ರಾಯದುರ್ಗಗಳ ಮಕ್ಕಳಿಗೆ ಬಂಡೆ ಸಿಡಿಸುವ ಸದ್ದು ಹೊಸದಲ್ಲ. ಆದುದರಿಂದ ಎಂಟನೆಯ ತರಗತಿಯಲ್ಲಿ ಒತ್ತಡದ ಪಾಠವನ್ನು ಬೋಧಿಸುವಾಗ ಉಪಾಧ್ಯಾಯರು ಈ ವಿಷಯವನ್ನು ಸೇರಿಸಿಕೊಳ್ಳುವುದು ಉಚಿತ.

ಸ್ಫೋಟಕವು ಕ್ಷಣಮಾತ್ರದಲ್ಲಿ ಬಿಸಿ ಅನಿಲವಾಗಿ ಹಿಗ್ಗಿ ಸುತ್ತಲಿನ ಗಾಳಿಯನ್ನು ನೂಕುತ್ತದೆ. ಹೀಗೆ ಹುಟ್ಟಿದ ಒತ್ತಡದ ಅಲೆ ಗೋಡೆಗೆ ಬಡಿದು ಹಿಂದಿರುಗುವಾಗ, ಆ ಗೋಡೆಯ ಮೇಲಿನ ಒತ್ತಡ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚಾಗುತ್ತದೆ. ಹಿಂದೆಯೇ ಸೆಳೆತವೊಂದು ಬರುತ್ತದೆ. ವಾಯುಮಂಡಲದ ಒತ್ತಡ ಸುಮಾರು 100 ಕಿಲೋಪಾಸ್ಕಲ್. ಅದಕ್ಕೆ ಕೇವಲ 5 ಕಿಲೋಪಾಸ್ಕಲ್ ಕೂಡಿದರೆ, 2 ಚದರ ಮೀಟರಿನ ಬಾಗಿಲಿನ ಮೇಲೆ ಸುಮಾರು ಒಂದು ಟನ್ ಭಾರ ಬಿದ್ದಂತೆ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬೇಕು, ಹೇಳಿದರೆ ನಂಬುವುದಿಲ್ಲ.

ಗೋಡೆಯನ್ನು ದಪ್ಪಗೆ ಕಟ್ಟಿದರೆ ಸಾಕೆಂದು ವಿದ್ಯಾರ್ಥಿಗಳು ಉತ್ತರಿಸುವುದು ಸಹಜ. ಆದರೆ ವಿನ್ಯಾಸಕಾರನು ಮೊದಲು ಕೇಳುವುದು ದೂರವನ್ನು. 100 ಕಿಲೋ ಸ್ಫೋಟಕವು 50 ಮೀಟರಿನಲ್ಲಿ ಉಂಟುಮಾಡುವ ಗರಿಷ್ಠ ಒತ್ತಡವನ್ನು 100 ಮೀಟರಿನಲ್ಲಿ ಉಂಟುಮಾಡಲು 800 ಕಿಲೋ ಬೇಕು. ದೂರ ಎರಡು ಪಟ್ಟಾದರೆ ಸ್ಫೋಟಕ ಎಂಟು ಪಟ್ಟು: ಗಣಿತದ ಘನಸಂಖ್ಯೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. 2008ರ ಸ್ಫೋಟಕ ನಿಯಮಗಳು ದಾಸ್ತಾನಿನ ಪ್ರಮಾಣಕ್ಕೆ ತಕ್ಕಂತೆ ವಸತಿಗಳಿಂದ ಇಂತಿಷ್ಟು ದೂರವಿರಬೇಕೆಂದು ವಿಧಿಸಿರುವುದು ಈ ಕಾರಣಕ್ಕಾಗಿಯೇ.

ಶ್ರೀರಂಗಪಟ್ಟಣದ ಟಿಪ್ಪುವಿನ ಕಾಲದ ಮದ್ದಿನ ಮನೆಗಳು ಇನ್ನೊಂದು ಉಪಾಯವನ್ನು ತೋರಿಸುತ್ತವೆ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಈ ಕಟ್ಟಡಗಳು ಭಾಗಶಃ ನೆಲದೊಳಗೇ ಇವೆ. ಮಣ್ಣು ಅಲೆಯ ಬಲವನ್ನು ಹೀರುತ್ತದೆ. ರೈಲುಮಾರ್ಗವನ್ನು ಜೋಡಿಯಾಗಿಸಲು ಇವುಗಳಲ್ಲೊಂದನ್ನು 2017ರಲ್ಲಿ ಬುಡಸಮೇತ ಎತ್ತಿ ಬೇರೆಡೆಗೆ ಸರಿಸಲಾಯಿತು. ಇಂದಿನ ಸ್ಫೋಟಕ ಉಗ್ರಾಣಗಳ ಸುತ್ತಲೂ ಮಣ್ಣಿನ ದಿಬ್ಬ ಹಾಕುವ ಪದ್ಧತಿಯುಂಟು.

ದೂರವಿರಿಸಲು ಸಾಧ್ಯವಾಗದಲ್ಲಿ ಕಟ್ಟಡವು ಬಾಗಬೇಕು, ಮುರಿಯಬಾರದು. ಮಣ್ಣಿನ ಗಾರೆಯ ಕಲ್ಲುಗೋಡೆ ಭಾರವನ್ನು ಹೊರಬಲ್ಲುದಾದರೂ ಅಡ್ಡ ಬಡಿತಕ್ಕೆ ಬಿರಿಯುತ್ತದೆ. ಉಕ್ಕಿನ ಸರಳುಗಳನ್ನು ಒಳಗೊಂಡ ಕಾಂಕ್ರೀಟಿನ ಕಂಬ, ತೊಲೆ, ಚಾವಣಿಗಳನ್ನು ಒಂದಕ್ಕೊಂದು ಬಿಗಿಯಾಗಿ ಹೆಣೆದರೆ, ಒಂದು ಕಂಬ ಹೋದರೂ ಉಳಿದವು ಭಾರವನ್ನು ಹಂಚಿಕೊಳ್ಳುತ್ತವೆ. ಒಳಮೂಲೆಗಳಲ್ಲಿ ಅಲೆಯು ಸಿಕ್ಕಿಕೊಂಡು ಒತ್ತಡ ಹೆಚ್ಚುವುದರಿಂದ ಸರಳ ಚೌಕಾಕಾರವೇ ಮೇಲು. ಭಾರತದಲ್ಲಿ ಇಂತಹ ವಿನ್ಯಾಸಕ್ಕೆ ಐ.ಎಸ್. 4991 ಎಂಬ ಮಾನಕವು 1968ರಲ್ಲಿಯೇ ರಚಿತವಾಗಿದೆ.

ಶಾಲೆಗಳಿಗೆ ಸಂಬಂಧಿಸಿದಂತೆ ಹೆಚ್ಚು ಗಮನಿಸಬೇಕಾದುದು ಗಾಜು. ಗೋಡೆಗೆ ಏನೂ ಆಗದಷ್ಟು ದೂರದಲ್ಲಿಯೂ ಗಾಜು ಒಡೆಯುತ್ತದೆ. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಹಡಗು ಉರಿಯುವುದನ್ನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಅನೇಕರು, ಅದು ಸಿಡಿದಾಗ ಕಣ್ಣು ಕಳೆದುಕೊಂಡರು. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಆಕಾಶದಲ್ಲಿ ಉಲ್ಕೆ ಸಿಡಿದು ಬೆಳಕು ಕಂಡಿತು. ಸುಮಾರು ಎರಡು ನಿಮಿಷಗಳ ತರುವಾಯ ಅಲೆ ಬಂದಿತು. ಬೆಳಕಿನ ಕಾರಣ ತಿಳಿಯದಿದ್ದರೂ ಅಲ್ಲಿನ ಶಿಕ್ಷಕಿಯೊಬ್ಬರು 44 ಮಕ್ಕಳನ್ನು ಮೇಜುಗಳ ಕೆಳಗೆ ಕೂರಿಸಿದರು. ಒಡೆದ ಗಾಜಿನಿಂದ ಆಕೆಗೆ ಗಾಯವಾಯಿತು, ಮಕ್ಕಳಿಗೆ ಆಗಲಿಲ್ಲ.

ಪಾಠದ ಅಭ್ಯಾಸವಾಗಿ ವಿದ್ಯಾರ್ಥಿಗಳು ತಮ್ಮ ಕೊಠಡಿಯ ನಕ್ಷೆ ಬರೆದು, ಕಿಟಕಿಗಳಿಂದ ಪ್ರತಿ ಸಾಲಿನ ಬೆಂಚಿಗಿರುವ ದೂರವನ್ನು ಅಳೆದು ಗುರುತಿಸಲಿ. ಶಬ್ದವು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದಾದರೆ, ಒಂದು ಕಿಲೋಮೀಟರ್ ಆಚೆ ಮಿಂಚಿದ ಸ್ಫೋಟದ ಅಲೆ ತಲುಪಲು ಎಷ್ಟು ಸೆಕೆಂಡು ಬೇಕು, ಅಷ್ಟರಲ್ಲಿ ಕಿಟಕಿಯ ಬಳಿಯವರು ಎಷ್ಟು ದೂರ ಸರಿಯಬಲ್ಲರು ಎಂಬುದನ್ನು ಅದೇ ನಕ್ಷೆಯ ಮೇಲೆ ಲೆಕ್ಕ ಹಾಕಿಸಬಹುದು.